ಹಿಂದಿನ ಸೀಟಿನ ಕೆಳಗೆ

ಕರ್ಪೂರದಾರತಿ ಕಾರಿನ ಹಿಂಬಾಗಿಲಿಗೆ ಬಂದದ್ದೇ ತಡ, ಒಳಗಿಂದ ಭಗ್ಗೆಂದು ಬೆಂಕಿ ಎದ್ದಿತು. ಕರಿಬಸಮ್ಮ ತಟ್ಟೆ ಬಿಸಾಡಿದರು. ಮಗ ದೇವೀರಪ್ಪ ಮರಳೆರಚಿ ಆರಿಸುವಷ್ಟರಲ್ಲಿ ಸೀಟು ಕರಕಲಾಗಿತ್ತು. ಮುದುಕಿಯ ಬಲಗೈ ಬೊಬ್ಬೆಯೆದ್ದಿತ್ತು. ಅಮಾವಾಸ್ಯೆಯ ಪೂಜೆ ಅಲ್ಲಿಗೇ ನಿಂತಿತು.

ಮರುದಿನ ವಿಮೆಯ ಸರ್ವೇಯರ್ ಅಶ್ವಿನಿ ಕಡೂರಿನಿಂದ ಅಜ್ಜಂಪುರಕ್ಕೆ ಬಂದಾಗ ಅಂಗಳದಲ್ಲಿ ತೀರ್ಪು ಆಗಲೇ ಹೊರಬಿದ್ದಿತ್ತು.

“ಇನ್ನೇನ್ ನೋಡ್ತೀರಮ್ಮ?” ದೇವೀರಪ್ಪ ಮೂಲೆಯಲ್ಲಿ ನಿಂತಿದ್ದ ಮೆಕ್ಯಾನಿಕ್ ಸುದೀಪನತ್ತ ಕೈ ತೋರಿಸಿದರು. “ತರೀಕೆರೇಲಿ ಇವನ ಹತ್ರ ಪೆಟ್ರೋಲ್ ಟ್ಯಾಂಕಿನ ಪಂಪ್ ಯೂನಿಟ್ ಹಾಕ್ಸಿ ಇನ್ನೂ ವಾರ ಆಗಿಲ್ಲ. ಸ್ಟೇಷನ್ನಿಗೆ ಹೊರಟಿದ್ದೀನಿ. ಇವನ ಗ್ಯಾರೇಜಿಗೆ ಬೀಗ ಬೀಳ್ಳೇಬೇಕು!”

ಸಹಿ ಹಾಕಿ ಹೊರಟುಬಿಡಬಹುದಿತ್ತು. ಅಶ್ವಿನಿ ಪೆನ್ನು ತೆಗೆಯಲಿಲ್ಲ.

“ಹೇಗೆ ಕೂರಿಸಿದ್ರಿ?” ಸುದೀಪನನ್ನು ಕೇಳಿದಳು.

“ಬ್ಯಾಟ್ರಿ ವೈರ್ ಕಳಚೇ ಕೈ ಹಾಕಿದ್ದು ಮೇಡಂ. ಹಿಂದಿನ ಸೀಟು ಎತ್ತಿ, ಹೊಸ ರಬ್ಬರ್ ರಿಂಗ್ ಇಟ್ಟು ಟ್ಯಾಂಕಿನ ಮುಚ್ಚಳ ಬಿಗಿದೆ. ಎಲ್ಲೂ ಜಿನುಗ್ತಿಲ್ಲ ಅಂತ ನೋಡೇ ಕಳ್ಸಿದ್ದು.”

“ಆಮೇಲೆ ಯಾರಾದ್ರೂ ಸೀಟು ಎತ್ತಿದ್ರಾ?”

“ಅದನ್ನ ಎತ್ತಬಹುದು ಅಂತಾನೇ ನಮಗ್ಯಾರಿಗೂ ಗೊತ್ತಿಲ್ಲ ಕಣ್ರೀ,” ಎಂದ ದುಶ್ಯಂತ್. ಅವನು ದೇವೀರಪ್ಪನ ಅಕ್ಕನ ಮಗ. ಕಾರು ಓಡಿಸುವವನೂ ಅವನೇ. “ನಿನ್ನೆ ಪೂಜೆಗೆ ಅಂತ ಒಳಗೂ ಹೊರಗೂ ಪೈಪ್ ಬಿಟ್ಟು ತೊಳ್ದೆ, ಅಷ್ಟೇ.”

ಅವನು ಒರಗಿ ನಿಂತಿದ್ದ ತನ್ನ ಹಳೇ ಬೈಕಿನ ಟ್ಯಾಂಕಿನಡಿ ನೀಲಿ ತೇಪೆಯೊಂದಿತ್ತು.

ಅಶ್ವಿನಿ ಸೀಟಿನ ಅವಶೇಷ ಎತ್ತಿಸಿ, ಯೂನಿಟ್ಟಿನ ಮುಚ್ಚಳ ಬಿಚ್ಚಿಸಿದಳು. ರಬ್ಬರ್ ರಿಂಗ್ ಇಲ್ಲ! ಅಂಚಿಗೆ ಏನೋ ನೀಲಿಯದು ಮೆತ್ತಿಕೊಂಡಿತ್ತು. ಕೆರೆದು, ನೀರು ಮುಟ್ಟಿಸಿ ಬೆರಳಲ್ಲಿ ಉಜ್ಜಿದಳು — ನೊರೆ!

“ಬಟ್ಟೆ ಸೋಪು!” ದೇವೀರಪ್ಪ ಕುಣಿದಾಡಿದರು. “ಏನ್ಲೇ, ರಿಂಗ್ ಉಳ್ಸಕ್ಕೆ ಸೋಪ್ ಮೆತ್ತಿದ್ಯಾ?”

ಸುದೀಪ ಬಗ್ಗಿ ಮುಚ್ಚಳದ ಅಂಚು ನೋಡಿದ.

“ತಡೀರಿ,” ಎಂದಳು ಅಶ್ವಿನಿ. “ದುಶ್ಯಂತ್, ಬೈಕಿನ ಟೂಲ್ ಬಾಕ್ಸ್ ತೆಗೀರಿ.”

“ಅದ್ಯಾಕೆ?”

“ತೆಗೀರಿ.”

ಸ್ಪ್ಯಾನರುಗಳ ನಡುವೆ ಕಪ್ಪು ರಿಂಗೊಂದು ಉಬ್ಬಿ ಸೊಟ್ಟಗಾಗಿ ಬಿದ್ದಿತ್ತು.

“ಪೆಟ್ರೋಲ್ ಕುಡಿದ ರಿಂಗ್ ಉಬ್ಬುತ್ತೆ. ಒಂದ್ಸಲ ಬಿಚ್ಚಿದ್ರೆ ವಾಪಸ್ ಕೂರಲ್ಲ. ಹೊಸ ರಿಂಗ್ ಹಾಕಬೇಕು,” ಎಂದಳು. “ಈಗಿನ ಕಾರಿಗೆ ಪೈಪ್ ಇಳಿಸಿ ಪೆಟ್ರೋಲ್ ಎಳೆಯೋದು ಕಷ್ಟ. ಅದಕ್ಕೇ ಸೀಟಿನಡಿಯಿಂದ ಕದ್ರಿ. ರಿಂಗ್ ಕೂರಲಿಲ್ಲ; ಒಣಗಿದ್ರೆ ಕುಗ್ಗುತ್ತೆ ಅಂತ ಎತ್ತಿಟ್ರಿ. ಅಲ್ಲೀವರೆಗೆ ಅಂತ ನಿಮ್ಮ ಬೈಕಿನ ತೂತಿಗೆ ಮೆತ್ತಿದ ಸೋಪನ್ನೇ ಇಲ್ಲೂ ಮೆತ್ತಿದ್ರಿ. ಸೋಪು ಪೆಟ್ರೋಲಿಗೆ ಕರಗಲ್ಲ, ಅದು ನಿಮಗೆ ಗೊತ್ತು. ನೀರಿಗೆ ಕರಗುತ್ತಲ್ಲ? ನಿನ್ನೆ ಪೈಪ್ ಬಿಟ್ಟವರೂ ನೀವೇ. ಸೋಪು ಕರಗಿತು, ಪೆಟ್ರೋಲ್ ಆವಿ ಸೀಟಿನಡಿ ತುಂಬಿತು. ಅಜ್ಜಿ ಕರ್ಪೂರ ತಂದ್ರು.”

“ಮಾವ... ಒಂದೆರಡು ಬಾಟ್ಲಿ ಅಷ್ಟೇ...” ದುಶ್ಯಂತ್ ತಲೆ ತಗ್ಗಿಸಿದ.

ದೇವೀರಪ್ಪ ಜಗಲಿಯ ಮೇಲೆ ಕೂತರು.

ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು ಕರಿಬಸಮ್ಮ ಮಗನ ಮುಂದೆ ಬಂದು ನಿಂತರು.

“ಸ್ಟೇಷನ್ನಿಗೆ ಹೊರಟಿದ್ಯಲ್ಲೋ, ಏಳು. ಆ ಹುಡುಗನ ಗ್ಯಾರೇಜಿಗೆ ಬೀಗ ಹಾಕ್ಸೋಕಾದ್ರೆ ಕಾಲು ಓಡ್ತಿತ್ತು. ಈಗ ಯಾಕೆ ಕೂತ್ಬಿಟ್ಟೆ?”