ಹೆರೆಯದ ಎರಡು ಪೆನ್ಸಿಲು

ಅಕ್ಕನ ಬಳಿ ಎರಡನೆಯ ಟ್ಯಾಬ್ಲೆಟ್ ಇರಲಿಲ್ಲ. ಇದ್ದದ್ದು ಒಂದೇ. ಬೆಳಿಗ್ಗೆ ಪ್ರದರ್ಶನದ ಕೋಣೆಯ ಬೀಗ ತೆಗೆದಾಗ ಅದೂ ಇರಲಿಲ್ಲ.

ಮೇಜಿನ ಮೇಲೆ ಹಾಸಿದ ನೀಲಿ ಬಟ್ಟೆ ಹಾಗೇ ಇತ್ತು. ಚಾರ್ಜರಿನ ತಂತಿ ಗೋಡೆಯಿಂದ ಇಳಿದು ಬಟ್ಟೆಯ ಮೇಲೆ ಬಿದ್ದಿತ್ತು. ಅದರ ಪಕ್ಕದಲ್ಲಿ ಎರಡು ಪೆನ್ಸಿಲು, ನಡುವೆ ಅಂಗೈಯಷ್ಟು ಜಾಗ ಬಿಟ್ಟು, ರೈಲು ಹಳಿಯ ಹಾಗೆ ಮಲಗಿದ್ದವು. ಮೂಲೆಯಲ್ಲಿ ಖಾಲಿ ಪೆಟ್ಟಿಗೆಗಳ ಗೋಪುರ, ಟ್ಯಾಬ್ಲೆಟ್ಟಿನ ಚಿತ್ರ ಅಚ್ಚಾದ ಹೊಸ ಪೆಟ್ಟಿಗೆಗಳು. ಚಿತ್ರ ಬೇಕಾದಷ್ಟಿತ್ತು. ವಸ್ತು ಇರಲಿಲ್ಲ.

ಅದು ಹೊರಗಿನಿಂದ ತರಿಸಿ ಹೆಸರು ಅಂಟಿಸಿದ ಮಾಲಲ್ಲ. ಒಳಗಿನ ಸರ್ಕ್ಯೂಟ್ ಹಲಗೆಯಿಂದ ಹಿಂಬದಿಯ ಚಿಪ್ಪಿನವರೆಗೆ ಈ ಎರಡಂತಸ್ತಿನ ಕಟ್ಟಡದಲ್ಲೇ ಆದದ್ದು. ಕೆಳಗಿನ ಬೆಸುಗೆ ಕೋಣೆಯ ಹೆಂಗಸರು ತಮ್ಮ ಮನೆಯ ಮಕ್ಕಳಿಗೆ "ಅದು ನಾವು ಮಾಡಿದ್ದು" ಎಂದು ಆಗಲೇ ಹೇಳಿಯಾಗಿತ್ತು. ಹನ್ನೊಂದು ಗಂಟೆಗೆ ಏಳು ಜನ ವ್ಯಾಪಾರಿಗಳು ನೋಡಲು ಬರುವವರಿದ್ದರು. ಅವರಲ್ಲಿ ಯಾರೂ ಆರ್ಡರ್ ಕೊಡದಿದ್ದರೆ ಬೆಸುಗೆ ಕೋಣೆ ಮುಚ್ಚಬೇಕು. ಇದು ಕಂಪನಿ ನಡೆಸುವ ಅಕ್ಕನಿಗೂ ಗೊತ್ತಿತ್ತು, ಆ ಹೆಂಗಸರಿಗೂ ಗೊತ್ತಿತ್ತು.

"ಪೊಲೀಸರನ್ನ ಕರೆಯೋಣ್ವಾ?" ಅಕ್ಕನ ಗಂಡ ಕೇಳಿದ. ಕಂಪನಿಯ ಮಾರಾಟ ಅವನದು. ಅಕ್ಕನ ತಮ್ಮ ಅವನನ್ನು ಭಾವ ಎನ್ನುತ್ತಿದ್ದುದರಿಂದ ಕಟ್ಟಡದಲ್ಲೆಲ್ಲ ಅವನು ಭಾವನೇ.

"ಕರೀರಿ. ಜೀಪು ನೋಡಿ ವ್ಯಾಪಾರಿಗಳು ಗೇಟಿಂದಾನೇ ವಾಪಸ್ ಹೋಗ್ತಾರೆ."

"ಮತ್ತೇನ್ ಮಾಡೋಣ ಅಂತೀಯ?"

ಅಕ್ಕ ಗಂಡನನ್ನು ನೋಡಿದಳು. ಹೋದ ತಿಂಗಳು ದೊಡ್ಡ ಕಂಪನಿಯೊಂದು ಇಡೀ ವಿನ್ಯಾಸವನ್ನೇ ಕೊಳ್ಳುತ್ತೇವೆ ಎಂದಾಗ, ಕೊಟ್ಟುಬಿಡೋಣ ಎಂದವನು ಇವನೊಬ್ಬನೇ.

"ನಿಮ್ಮ ಚೀಲ ತೆಗೀರಿ," ಅಂದಳು.

"ಏನು?"

"ಕೇಳಿಸ್ತಲ್ಲ. ತೆಗೀರಿ."

ಭಾವ ಚೀಲವನ್ನು ಮೇಜಿನ ಮೇಲೆ ಸುರಿದ. ಬಿಲ್ಲು, ಬಾಚಣಿಗೆ, ತುದಿ ಕಚ್ಚಿ ಕಚ್ಚಿ ಜಜ್ಜಿಹೋದ ಮೂರು ಮೋಟು ಪೆನ್ಸಿಲು, ನೆಗಡಿಯ ಮಾತ್ರೆ. ಟ್ಯಾಬ್ಲೆಟ್ ಇರಲಿಲ್ಲ.

ಆಗಲೇ ಮನೆಮನೆ ಮೇಡಂ ಒಳಗೆ ಬಂದದ್ದು. ಮನೆ ಮನೆಗೆ ಹೋಗಿ, ಜನ ಏನು ಕೊಳ್ಳುತ್ತಾರೆ, ಏನನ್ನು ಬರೀ ಹೊಗಳಿ ಬಿಡುತ್ತಾರೆ ಎಂದು ತಿಳಿದು ಬರುವುದು ಅವಳ ಉದ್ಯೋಗ. ಈ ಹೆಸರು ಬಂದದ್ದೂ ಅದರಿಂದಲೇ. ಹೊಸ ಟ್ಯಾಬ್ಲೆಟ್ ಓಡುತ್ತದೋ ಇಲ್ಲವೋ ಎಂದು ವ್ಯಾಪಾರಿಗಳ ಎದುರು ಹೇಳಲು ಅಕ್ಕ ಅವಳನ್ನು ಕರೆಸಿದ್ದಳು. ಉತ್ತರ ಅವಳಿನ್ನೂ ಕೊಟ್ಟಿರಲಿಲ್ಲ. ನಿನ್ನೆಯೂ ಕೇಳಿದ್ದಕ್ಕೆ "ನಾಳೆ ವಸ್ತು ನೋಡಿ ಹೇಳ್ತೀನಿ" ಎಂದಿದ್ದಳು.

"ನೋಡೋಕೆ ವಸ್ತುನೇ ಇಲ್ಲ," ಅಕ್ಕ ಅಂದಳು. "ಊರಿನವರಿಗೆಲ್ಲ ಪ್ರಶ್ನೆ ಕೇಳಿ ಬದುಕೋರು ನೀವು. ಇಲ್ಲಿ ನಾಲ್ಕು ಜನಕ್ಕೆ ಕೇಳಿ."

ಮನೆಮನೆ ಮೇಡಂ ಮೇಜಿನ ಹತ್ತಿರ ಹೋದಳು. ಏನನ್ನೂ ಮುಟ್ಟಲಿಲ್ಲ.

"ಬೀಗ ಒಡೆದಿದ್ದಾರಾ?"

"ಇಲ್ಲ."

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ. ಇವರ ಹತ್ರ. ತಮ್ಮನ ಹತ್ರ."

"ಗೇಟಲ್ಲಿ ಚೀಲ ನೋಡ್ತಾರಲ್ಲ?"

"ಎಲ್ಲರದೂ. ನನ್ನದೂ ಬಿಡಲ್ಲ. ನಿನ್ನೆ ಕಾವಲಿನವನು ನನ್ನ ಊಟದ ಡಬ್ಬಿ ತೆಗೆಸಿ ನೋಡಿದ."

"ಕಿಟಕಿ?"

"ಸರಳು ಹಾಕಿದೆ. ಬೆಕ್ಕೂ ನುಸುಳಲ್ಲ."

"ಸ್ಲೇಟಿನಷ್ಟು ದೊಡ್ಡ ವಸ್ತು. ಹಾಗಾದ್ರೆ ಹೊರಗೆ ಹೋಗಿಲ್ಲ," ಅಂದಳು ಮನೆಮನೆ ಮೇಡಂ. "ಕದ್ದವರು ಚಾರ್ಜರ್ ಬಿಟ್ಟು ಹೋಗಿದ್ದಾರೆ. ಇದರ ಪಿನ್ನು ಬೇರೆ ಚಾರ್ಜರಿಗೆ ಬರುತ್ತಾ?"

"ಬರಲ್ಲ. ನಮ್ಮದೇ ಪಿನ್ನು," ಅಂದ ಭಾವ. ಚೀಲ ಬರಿದಾಗಿದ್ದರೂ ಆ ಮಾತಿನಲ್ಲಿ ಹೆಮ್ಮೆ ಇತ್ತು. "ನಾನು ಮಾರೋ ಕಳ್ಳ ಆಗಿದ್ರೆ ಅದನ್ನ ಬಿಡ್ತಿದ್ನಾ?"

"ಬಿಡ್ತಿರಲಿಲ್ಲ. ನೀವು ಅದನ್ನ ಎಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ರಿ?"

ಭಾವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅಂದ್ರೆ?"

"ಒಟ್ಟಿಗೆ, ಒಂದು ಸಲಕ್ಕೆ. ಎಷ್ಟು ಹೊತ್ತು?"

"ಎರಡು ನಿಮಿಷ. ನನ್ನ ಕೈಗೆ ಕೊಡ್ತಾನಾ ಅವನು? 'ಭಾವ, ನಿಮ್ಮ ಬೆರಳಲ್ಲಿ ಎಣ್ಣೆ' ಅಂತ ಕಿತ್ಕೊಂಡು ಒರೆಸ್ತಾನೆ. ಜೇಬಲ್ಲಿ ಆ ಹಳದಿ ಬಟ್ಟೆ ಇದೆಯಲ್ಲ, ಹೆಂಡತಿನ ನೋಡ್ಕೊಂಡಂಗೆ ನೋಡ್ಕೋತಾನೆ."

ಬಾಗಿಲಲ್ಲಿ ಬಣ್ಣದವಳು ನಿಂತಿದ್ದಳು. ಟ್ಯಾಬ್ಲೆಟ್ಟಿನ ಹೊರಮೈ, ಬಣ್ಣ, ಪೆಟ್ಟಿಗೆ, ಎಲ್ಲ ಅವಳ ಕೆಲಸ. ನಿನ್ನೆ ಸಂಜೆ ಆ ಗೋಪುರ ಜೋಡಿಸಿ ಹೋದವಳು.

"ನಾನು ಹೋಗುವಾಗ ಮೇಜಿನ ಮೇಲೆ ಇತ್ತು," ಅಂದಳು, ಕೇಳುವ ಮೊದಲೇ. "ಅಣ್ಣ ಚಾರ್ಜಿಗೆ ಹಾಕ್ತಾ ಇದ್ರು. ಬೀಗ ನಾನೇ ಹಾಕ್ತೀನಿ, ನೀನು ನಡಿ ಅಂದ್ರು."

ಅಣ್ಣ ಎಂದರೆ ಅಕ್ಕನ ತಮ್ಮ. ಟ್ಯಾಬ್ಲೆಟ್ಟನ್ನು ಕಟ್ಟಿದವನು.

"ಅವನ ಮೇಲೆ ನಿನಗೆ ಸಿಟ್ಟಿತ್ತಲ್ಲ?" ಅಕ್ಕ ಕೇಳಿದಳು.

"ಇತ್ತು. ಈಗಲೂ ಇದೆ. ಬೂದು ಬಣ್ಣ ಬೇಡ ಅಂದೆ, ಕೇಳಲಿಲ್ಲ. ಅದಕ್ಕೆ ಕದೀತಾರಾ ಮೇಡಂ? ಅದರ ಹಿಂಬದಿ ನಾನು ಉಜ್ಜಿ ಉಜ್ಜಿ ನಯ ಮಾಡಿದ್ದು. ನಾನು ಮಾಡಿದ್ದು ನಾನೇ ಕದಿಯೋದಾ?"

"ನೀವು ಎಷ್ಟು ಹೊತ್ತು ಹಿಡಿದಿದ್ರಿ?" ಮನೆಮನೆ ಮೇಡಂ ಕೇಳಿದಳು.

"ಚಿಪ್ಪು ಬರೀ ಚಿಪ್ಪಾಗಿದ್ದಾಗ ದಿನಗಟ್ಟಲೆ. ಒಳಗಿನ ಕೆಲಸ ಸೇರಿಸಿ ಹೊತ್ತಿಸಿದ ಮೇಲೆ... ಬಣ್ಣ ನೋಡೋಷ್ಟು. ಅಷ್ಟರಲ್ಲಿ ಕಿತ್ಕೊಂಡ್ರು."

"ನೀವು?"

"ನಾನಾ?" ಅಕ್ಕ ಯೋಚಿಸಿದಳು. "ಐದು ನಿಮಿಷ ಇರಬಹುದು. ಗಾಜಿನ ಮೇಲೆ ಬೆರಳು ಮೂಡ್ತು ಅಂದ. ನಾನು ನಕ್ಕು ಕೊಟ್ಟುಬಿಟ್ಟೆ. ಮಾಡಿದವನಿಗೆ ಅಷ್ಟು ಜಂಬ ಇರಲಿ ಬಿಡಿ. ಅಷ್ಟು ತೆಳುವಾಗಿ ಈ ಸುತ್ತಿನಲ್ಲಿ ಯಾರು ಮಾಡಿದ್ದಾರೆ ತೋರಿಸಿ?"

ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ತಮ್ಮ ಬಂದ. ಸುದ್ದಿ ಅವನಿಗೆ ಕೆಳಗೇ ತಿಳಿದಿತ್ತು. ಖಾಲಿ ಮೇಜನ್ನು ನೋಡಿದ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. ಮತ್ತೆ ನೋಡಿದ.

"ಹೋಗಲಿ ಬಿಡಕ್ಕ," ಅಂದ. "ಹಲಗೆಗಳಿವೆ, ಚಿಪ್ಪಿನ ಅಚ್ಚಿದೆ. ತಿಂಗಳಲ್ಲಿ ಇನ್ನೊಂದು ಕಟ್ತೀನಿ. ವ್ಯಾಪಾರಿಗಳಿಗೆ ಕಳುವಾಯ್ತು ಅಂತ ಹೇಳು. ನಿಜ ತಾನೇ?"

"ತಿಂಗಳು ಕಾಯ್ತಾರೇನೋ ಅವರು?"

"ಕದಿಯೋವಂಥ ವಸ್ತು ಅಂತ ಗೊತ್ತಾದ್ರೆ ಕಾಯ್ತಾರೆ."

ಭಾವ ನಕ್ಕ. ಆ ನಗುವಿನಲ್ಲಿ ಖುಷಿ ಇರಲಿಲ್ಲ. "ಎಂಜಿನಿಯರ್ ಸಾಹೇಬರಿಗೆ ದುಃಖವೇ ಇಲ್ಲ ನೋಡಿ. ಇಲ್ಲಿ ನನ್ನ ಬಾಚಣಿಗೆ ಹರಾಜಿಗೆ ಬಿದ್ದಿದೆ."

ಮನೆಮನೆ ಮೇಡಂ ಎರಡೂ ಪೆನ್ಸಿಲು ಎತ್ತಿಕೊಂಡಳು. ಹೊಸವು. ಎರಡು ತುದಿಯೂ ಮೊಂಡು.

"ಇವು ಯಾರವು?"

ಭಾವ ತನ್ನ ಮೋಟು ಪೆನ್ಸಿಲು ತೋರಿಸಿ, ತನ್ನವಲ್ಲ ಎಂದು ತಲೆಯಾಡಿಸಿದ.

"ನಿಮ್ಮ ಕೆಲಸದ ಮೇಜು ನೋಡಬಹುದಾ?" ಎಂದು ತಮ್ಮನನ್ನು ಕೇಳಿದಳು.

"ನೋಡಿ. ಮುಚ್ಚಿಡೋದು ಏನಿದೆ?"

ಮೇಜು ಪಕ್ಕದ ಕೋಣೆಯಲ್ಲಿತ್ತು. ಅಚ್ಚುಕಟ್ಟಾದ ಮೇಜು. ಸ್ಕ್ರೂ ಡ್ರೈವರುಗಳು ಎತ್ತರದ ಕ್ರಮದಲ್ಲಿ ಸಾಲಾಗಿ ನಿಂತಿದ್ದವು. ದೀಪದ ಕೆಳಗೆ, ಮಧ್ಯದಲ್ಲಿ, ಎರಡು ಪೆನ್ಸಿಲು. ನಡುವೆ ಅಂಗೈಯಷ್ಟು ಜಾಗ. ರೈಲು ಹಳಿಯ ಹಾಗೆ.

ಅವಳು ಅವನ್ನೂ ಎತ್ತಿ ನೋಡಿದಳು. ಅವನ್ನೂ ಹೆರೆದಿರಲಿಲ್ಲ. ಮತ್ತೆ ಪ್ರದರ್ಶನದ ಕೋಣೆಗೆ ಬಂದು ಸುಮ್ಮನೆ ಪೆಟ್ಟಿಗೆಗಳ ಗೋಪುರದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಒಂದೊಂದೇ ಪೆಟ್ಟಿಗೆ ಎತ್ತಿ ತೂಗಿ ಪಕ್ಕಕ್ಕಿಟ್ಟಳು.

"ಅಯ್ಯೋ, ಜೋಡಿಸೋಕೆ ಸಂಜೆಯೆಲ್ಲ ಹಿಡೀತು," ಅಂದಳು ಬಣ್ಣದವಳು.

"ಮತ್ತೆ ಜೋಡಿಸೋಣಂತೆ."

ಕೆಳಗಿನ ಸಾಲಿನ ಪೆಟ್ಟಿಗೆಯೊಂದು ಉಳಿದವುಗಳಷ್ಟು ಹಗುರವಾಗಿ ಏಳಲಿಲ್ಲ. ಮುಚ್ಚಳ ತೆಗೆದಳು. ಒಳಗೆ ಹಳದಿ ಬಟ್ಟೆ. ಬಟ್ಟೆಯೊಳಗೆ ಟ್ಯಾಬ್ಲೆಟ್, ಕೂಸಿನ ಹಾಗೆ ಸುತ್ತಿಟ್ಟದ್ದು.

ಅಕ್ಕ ತಮ್ಮನ ಕಡೆ ತಿರುಗಿದಳು. ಅವನ ಕೈ ತಾನಾಗಿ ಜೇಬಿಗೆ ಹೋಗಿ, ಬರಿದಾಗಿ ಬಂತು.

"ನಿನ್ನ ಬಟ್ಟೆ," ಅಂದಳು.

"ಯಾರೋ ತಗೊಂಡು..."

"ಬೇಡಪ್ಪ," ಮನೆಮನೆ ಮೇಡಂ ಅಂದಳು. ದನಿ ಒರಟಾಗಿರಲಿಲ್ಲ. "ಬೇರೆ ಕಳ್ಳನಾಗಿದ್ರೆ ಬರಿಮೈಯಲ್ಲೇ ತುರುಕ್ತಿದ್ದ. ಗಾಜಿಗೆ ಗೀರು ಬೀಳಬಾರದು ಅಂತ ಕದಿಯುವಾಗಲೂ ಯೋಚಿಸೋನು ಈ ಕಟ್ಟಡದಲ್ಲಿ ಒಬ್ಬನೇ. ಬಂದ ಕೂಡಲೇ ಕನ್ನಡಕವನ್ನ ಈ ಬಟ್ಟೆ ಬಿಟ್ಟು ಅಂಗಿಯಲ್ಲಿ ಒರೆಸಿದ್ರಿ. ಆಗಲೇ ಅನುಮಾನ ಬಂತು. ಆದ್ರೆ ಮೊದಲು ಹೇಳಿದ್ದು ಪೆನ್ಸಿಲು."

"ಪೆನ್ಸಿಲು ಏನ್ ಹೇಳ್ತವೆ?" ಭಾವ ಕೇಳಿದ.

"ಬರೆಯದ ಪೆನ್ಸಿಲು ಯಾಕೆ ಇಡ್ತಾರೆ? ಮೇಲೆ ಏನಾದ್ರೂ ಇಡೋಕೆ. ಏನನ್ನ ಎತ್ತಿ ಇಡ್ತಾರೆ? ಕೆಳಗೆ ಗಾಳಿ ಆಡಬೇಕಾದ್ದನ್ನ. ಕೆಳಗಿನಿಂದ ಬಿಸಿಯಾಗೋದನ್ನ. ಅವರಿಗೆ ಅದು ಎಷ್ಟು ರೂಢಿ ಅಂದ್ರೆ, ಟ್ಯಾಬ್ಲೆಟ್ ಎತ್ತಿದಾಗ ಪೆನ್ಸಿಲು ಎತ್ತಬೇಕು ಅಂತ ಹೊಳೆಯಲೇ ಇಲ್ಲ. ಅವರ ಕಣ್ಣಿಗೆ ಅವು ಮೇಜಿನ ಭಾಗ. ನಿಮ್ಮ ಕಣ್ಣಿಗೆ ಯಾರೋ ಮರೆತದ್ದು."

ಅವಳು ಟ್ಯಾಬ್ಲೆಟ್ಟನ್ನು ಅಕ್ಕನ ಕೈಗೆ ಕೊಟ್ಟಳು.

"ನೀವೆಲ್ಲ ಎರಡು ನಿಮಿಷ, ಐದು ನಿಮಿಷ ಹಿಡಿದವರು. ಆಮೇಲೆ ಕಿತ್ಕೊಂಡ, ಜಂಬ ಅಂತ ನಕ್ಕಿರಿ. ನಾನು ಮನೆಗಳಲ್ಲಿ ನೋಡಿದ್ದೀನಿ. ಇಂಥದ್ದನ್ನ ಯಾರೂ ಮೇಜಿನ ಮೇಲಿಟ್ಟು ನೋಡಲ್ಲ. ಗೋಡೆಗೆ ಒರಗಿ, ತೊಡೆ ಮೇಲಿಟ್ಟು, ಒಂದು ಸಿನಿಮಾ ಮುಗಿಯೋವರೆಗೆ ನೋಡ್ತಾರೆ. ಈ ಕಟ್ಟಡದಲ್ಲಿ ಒಬ್ಬರ ತೊಡೆ ಮೇಲಾದ್ರೂ ಇದು ಅಷ್ಟು ಹೊತ್ತು ಕೂತಿದೆಯಾ? ಕೂತಿದ್ದು ಇವರೊಬ್ಬರ ತೊಡೆ ಮೇಲೆ. ಏನಾಯ್ತು, ಹೇಳಿ."

ತಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದ.

"ಸುಡುತ್ತೆ," ಅಂದ. "ಅಪಾಯ ಏನಿಲ್ಲ, ಅಳೆದು ನೋಡಿದ್ದೀನಿ. ಆದ್ರೆ ತೊಡೆಗೆ ಸುಡುತ್ತೆ. ಒಂದು ಕೂದಲೆಳೆ ದಪ್ಪ ಮಾಡಿ, ಹಿಂಬದಿಗೆ ಲೋಹ ಹಾಕಿದ್ರೆ ಸರಿಹೋಗ್ತಿತ್ತು. ನೋಡಿದವರೆಲ್ಲ ಎಷ್ಟು ತೆಳು, ಎಷ್ಟು ತೆಳು ಅಂತಿದ್ರು. ದಪ್ಪ ಮಾಡೋಕೆ ಮನಸ್ಸಾಗಲಿಲ್ಲ."

"ನಾನು ಕೇಳಿದ್ದೆ ನಿನ್ನ," ಅಕ್ಕ ಅಂದಳು. "ತೊಂದರೆ ಏನಾದ್ರೂ ಇದೆಯೇನೋ ಅಂತ."

"ಇಲ್ಲ ಅಂದಿದ್ದೆ. ಆಮೇಲೆ ಹೇಗೆ ಇದೆ ಅನ್ನೋದು? ಕಳುವಾದ ಟ್ಯಾಬ್ಲೆಟ್ ಅಂದ್ರೆ ಅಯ್ಯೋ ಪಾಪ ಅಂತಾರೆ. ಕೆಟ್ಟ ಟ್ಯಾಬ್ಲೆಟ್ ಅಂದ್ರೆ ನಗ್ತಾರೆ. ತಿಂಗಳಲ್ಲಿ ಸರಿಯಾದ್ದು ಕಟ್ಟಿ ತಂದಿಡ್ತಿದ್ದೆ. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಅಷ್ಟರವರೆಗೆ ಕಳ್ಳ ನಾನು," ಅಂದ ಭಾವ. ಒಂದೊಂದಾಗಿ ಸಾಮಾನನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. "ಚೀಲ ಸುರೀತಿದ್ದೀನಿ, ನಿನಗೆ ಕೆಳಗೆ ಸುದ್ದಿ ಮುಟ್ಟಿದೆ. ಮೆಟ್ಟಿಲು ಹತ್ತಿ ಬಂದು ಕನ್ನಡಕ ಒರೆಸ್ತೀಯ."

ಅಕ್ಕ ಗಂಡನ ಮುಖ ನೋಡಲಿಲ್ಲ. ಚೀಲ ತೆಗೆಸಿದ್ದು ಅವಳು.

"ಬೀಗದ ಕೈ ಕೊಡು," ಎಂದು ತಮ್ಮನಿಗೆ ಅಂದಳು. ಅವನು ಕೊಟ್ಟ.

"ವ್ಯಾಪಾರಿಗಳಿಗೆ ಏನು ಹೇಳ್ತೀಯಕ್ಕ?"

"ಇದ್ದದ್ದು ಹೇಳ್ತೀನಿ. ನಾವು ಕಟ್ಟಿದ ವಸ್ತು. ಅದರ ಕುಂದನ್ನೂ ನಾವೇ ಹೇಳ್ತೀವಿ, ಬೇರೆಯವರ ಬಾಯಿಂದ ಕೇಳಲ್ಲ."

ಹಾಗೇ ಮಾಡಿದಳು. ಏಳು ಜನ ಕೂತ ಮೇಲೆ ನೀಲಿ ಬಟ್ಟೆಯ ಪಕ್ಕ ನಿಂತು, ತೊಡೆಗೆ ಸುಡುತ್ತೆ, ಹಿಂಬದಿ ಬದಲಾಗಬೇಕು, ಈ ಬೇಸಿಗೆಗೆ ಕೊಡೋಕೆ ಆಗಲ್ಲ ಎಂದಳು. "ಈಗ ಕೈಗೆ ತಗೊಂಡು ನೋಡಿ. ಯಾರೂ ಕಿತ್ಕೊಳ್ಳಲ್ಲ." ತಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ನಿಂತಿದ್ದ. ಕಟ್ಟಿಕೊಂಡ ಕೈ ಬಿಡಲಿಲ್ಲ.

ಐದು ಜನ ಗಡಿಯಾರ ನೋಡಿಕೊಂಡು ಎದ್ದರು. ಒಬ್ಬ ಬಾಗಿಲಲ್ಲಿ, "ಚಳಿಗಾಲಕ್ಕೆ ತನ್ನಿ, ಹೊದಿಕೆ ಉಳಿಯುತ್ತೆ" ಅಂದ. ಉಳಿದ ನಾಲ್ವರು ನಕ್ಕರು.

ಆರನೆಯವರು ದೊಡ್ಡಂಗಡಿ ಯಜಮಾನರು. ಸೋಫಾದ ಮೂಲೆಯಲ್ಲಿ ಒರಗಿ, ಟ್ಯಾಬ್ಲೆಟ್ಟನ್ನು ಬಲತೊಡೆಯ ಮೇಲಿಟ್ಟು, ಹಳೆಯ ಕುಸ್ತಿ ಪಂದ್ಯವೊಂದನ್ನು ನೋಡುತ್ತಿದ್ದರು. ಏಳನೆಯವನು ಅವರ ಹೆಗಲ ಮೇಲಿಂದ ಇಣುಕುತ್ತಿದ್ದ. ಪಂದ್ಯ ಅರ್ಧವಾದಾಗ ಯಜಮಾನರು ಮುಖ ಸಿಂಡರಿಸಿದರು. ಟ್ಯಾಬ್ಲೆಟ್ಟನ್ನು ಎತ್ತಿದರು. ಎಡತೊಡೆಯ ಮೇಲಿಟ್ಟುಕೊಂಡರು. ನೋಡುವುದು ಮುಂದುವರಿಯಿತು.

ಮನೆಮನೆ ಮೇಡಂ ಅಕ್ಕನ ಕಿವಿಯ ಹತ್ತಿರ ಬಾಗಿದಳು.

"ಉತ್ತರ ಕೇಳಿದ್ರಲ್ಲ. ಓಡುತ್ತೆ."

"ಹೇಗೆ ಹೇಳ್ತೀರಿ?"

"ಸುಟ್ಟಾಗ ಕೆಳಗಿಡಲಿಲ್ಲ. ತೊಡೆ ಬದಲಾಯಿಸಿದ್ರು."

ಪಂದ್ಯ ಮುಗಿದ ಮೇಲೆ ಯಜಮಾನರು ತಲೆ ಎತ್ತಿ ಗೋಡೆಯ ಬಳಿ ನಿಂತವನನ್ನು ನೋಡಿದರು. "ನೀನೇನಪ್ಪ ಮಾಡಿದ್ದು? ಎರಡೂ ತೊಡೆ ಸುಟ್ಟೆ. ಹಿಂಬದಿ ಸರಿಮಾಡು. ಮೊದಲ ಗಾಡಿ ಮಾಲು ನನ್ನಂಗಡಿಗೆ ಬರಬೇಕು." ಏಳನೆಯವನು ಎರಡನೆಯ ಗಾಡಿ ತನಗೆ ಎಂದ.

ಬೆಸುಗೆ ಕೋಣೆ ಮುಚ್ಚಲಿಲ್ಲ. ಸುದ್ದಿ ಇಳಿದು ಹೋಗುವಷ್ಟರಲ್ಲಿ ಕೆಳಗೆ ಹೆಂಗಸರು ಆಗಲೇ ಲೋಹದ ಹಿಂಬದಿಯ ಮಾತಾಡುತ್ತಿದ್ದರು. ದಪ್ಪವಾದರೆ ಏನಂತೆ, ನಮ್ಮದೇ ತಾನೇ ಎಂದು. ಭಾವ ಮಾತ್ರ ಆ ಮಧ್ಯಾಹ್ನ ಅಕ್ಕ ತಮ್ಮನ ಜೊತೆ ಊಟಕ್ಕೆ ಕೂರಲಿಲ್ಲ. ಇಬ್ಬರು ವ್ಯಾಪಾರಿಗಳ ಕರಾರು ತಾನೇ ಬರೆದು, ಸಹಿ ಹಾಕಿಸಿ, ಹೆಂಡತಿಯ ಮೇಜಿನ ಮೇಲಿಟ್ಟು ಹೊರಟ. ಗೇಟಿನಲ್ಲಿ ಕೇಳುವ ಮೊದಲೇ ಚೀಲ ತೆರೆದು ತೋರಿಸಿದ.

ಆ ದಿನ ಹೋದದ್ದು ಇಷ್ಟು: ಐದು ಅಂಗಡಿ, ಒಂದು ಬೇಸಿಗೆಯ ವ್ಯಾಪಾರ, ತಮ್ಮನ ಬಳಿಯಿದ್ದ ಒಂದು ಬೀಗದ ಕೈ, ಮತ್ತು ಮನೆಮನೆ ಮೇಡಂ ಮರೆತು ಚೀಲಕ್ಕೆ ಹಾಕಿಕೊಂಡು ಹೋದ, ಗೇಟಿನಲ್ಲಿ ಯಾರೂ ಕೇಳದ, ಎರಡು ಪೆನ್ಸಿಲು.