ಎಡಗಾಲಿನ ಗುರುತು

"ಇದು ಅಮೆರಾಕಾನಾ ಅಲ್ಲ."

ಕೋಳಿ ಪ್ರದರ್ಶನದಲ್ಲಿ ತನ್ನ ಹೇಂಟೆಯ ಪಂಜರಕ್ಕೆ ನೀರಿನ ಬಟ್ಟಲು ಸಿಕ್ಕಿಸುತ್ತಿದ್ದ ಕೊರಿನ್ ತಟ್ಟನೆ ತಿರುಗಿದಳು. ಹಿಂದೆ ನಿಂತಿದ್ದವನು ಉದ್ದನೆಯ ಆಳು, ಅಂಗಿಯ ತೋಳಿನ ಮೇಲೆಲ್ಲ ಮರದ ಹೊಟ್ಟು. ಹೆಸರು ವೆಸ್ಲಿ ಕ್ರೇಮರ್ ಎಂದು ಆಮೇಲೆ ಗೊತ್ತಾಯಿತು.

"ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ. ಕಾಲು ನೋಡಿ, ಹಸಿರು. ಅಮೆರಾಕಾನಾ ತಳಿಗೆ ಸ್ಲೇಟು ಬಣ್ಣದ ಕಾಲಿರಬೇಕು. ಜಡ್ಜ್ ಬಂದು ನಾಲ್ಕು ಜನರ ಮುಂದೆ ಹೇಳೋದಕ್ಕಿಂತ ನಾನೇ ಹೇಳೋಣ ಅನ್ನಿಸ್ತು."

ಮೂರು ವರ್ಷ! ಮೇವಿನ ಅಂಗಡಿಯವನು ಅಮೆರಾಕಾನಾ ಎಂದು ಹೇಳಿ ಕೊಟ್ಟ ಮರಿಗಳನ್ನು ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಳು. ಕೆನ್ನೆ ತುಂಬ ಗರಿ, ಗಲ್ಲದ ಕೆಳಗೆ ಗಡ್ಡ, ನೀಲಿ ಮೊಟ್ಟೆ... ಕಾಲನ್ನು ಯಾರು ನೋಡುತ್ತಾರೆ? ನಮ್ಮ ಓಹಾಯೋದ ಕೋಳಿಯವರು ಮೊದಲು ನೋಡುವುದೇ ಕಾಲನ್ನು. ಪಾಪ, ಹೊಸಬಳಿಗೆ ಅದು ಗೊತ್ತಿರಲಿಲ್ಲ.

ಅವಳ ಕಣ್ಣು ತುಂಬಿತು. ಸಿಟ್ಟೋ, ಅವಮಾನವೋ, ಅವಳಿಗೇ ತಿಳಿಯಲಿಲ್ಲ.

"ಮೋಸ ಮಾಡಿದ್ದು ಅಂಗಡಿಯವನು," ಎಂದ ವೆಸ್ಲಿ, ಈ ಸಲ ಮೆಲ್ಲಗೆ. "ನೀವು ಸಾಕಿರೋದ್ರಲ್ಲಿ ಏನೂ ತಪ್ಪಿಲ್ಲ. ಮಾರ್ಚ್‌ನಲ್ಲಿ ನಮ್ಮ ತೋಟಕ್ಕೆ ಬನ್ನಿ. ಮರಿ ಮಾಡಿಸೋಕೆ ಅಸಲಿ ಅಮೆರಾಕಾನಾ ಮೊಟ್ಟೆ ಇರುತ್ವೆ."

ಹೋಗಲೇಬಾರದು ಎಂದುಕೊಂಡಳು. ಮಾರ್ಚ್‌ನ ಮೊದಲ ಭಾನುವಾರವೇ ಹೋದಳು.

ಆಮೇಲೆ ಪ್ರತಿ ಭಾನುವಾರ ಹೋಗಿ ಕೋಳಿಮನೆಯ ಕೆಲಸಕ್ಕೆ ಕೈಜೋಡಿಸಿದಳು. ಅವಳಿಗೆ ಮೂವತ್ತಮೂರು, ಅವನಿಗೆ ಮೂವತ್ತೆಂಟು. ಇಬ್ಬರೂ ಬುದ್ಧಿ ಬಲಿತವರೇ, ಆದರೆ ಪ್ರೀತಿಯ ವಿಷಯದಲ್ಲಿ ವೆಸ್ಲಿಯ ಬಾಯಿಂದ ಮಾತು ಹೊರಡಿಸುವುದು ಕಲ್ಲಿನಿಂದ ನಾರು ತೆಗೆದ ಹಾಗೆ. ಯಾವ ಹುಂಜದ ಜುಟ್ಟು ಚಪ್ಪಟೆ, ಯಾವ ಹೇಂಟೆಯ ಗಡ್ಡ ತೆಳು ಎಂದು ತಾಸುಗಟ್ಟಲೆ ಹೇಳುತ್ತಿದ್ದ. ಕೊರಿನ್ ನಕ್ಕರೆ ಮಾತ್ರ ಮೇವಿನ ಬಕೆಟ್ಟು ಎತ್ತಿಕೊಂಡು ಹೊರಟುಬಿಡುತ್ತಿದ್ದ.

*ಇವನಿಗೆ ನಾನು ಇಷ್ಟಾನಾ, ಇಲ್ಲ ಪುಕ್ಕಟೆ ಕೈಯಾಳಾ?*

ಏಪ್ರಿಲ್‌ನಲ್ಲಿ ಮರಿಗಳು ಹೊರಬಂದವು. ವೆಸ್ಲಿಯ ಬಳಿ ಎರಡು ಗುಂಪುಗಳಿದ್ದವು. ಒಂದು, ತೀರಿಕೊಂಡ ಅವನ ಅಪ್ಪ ಮೂವತ್ತು ವರ್ಷ ಆರಿಸಿ ಆರಿಸಿ ಬೆಳೆಸಿದ ಸಾಲು. ಇನ್ನೊಂದು, ಹೊರಗಿನ ಹುಂಜ ಸೇರಿಸಿ ಮಾಡಿದ ಹೊಸ ಬೆರಕೆ, ಶರತ್ಕಾಲದಲ್ಲಿ ಮಾರಿಬಿಡುವಂಥದ್ದು. ಮರಿಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ಅದಕ್ಕೇ ಹುಟ್ಟಿದ ದಿನವೇ ಬೆರಳುಗಳ ನಡುವಿನ ತೆಳು ಚರ್ಮದಲ್ಲಿ ಸಣ್ಣ ತೂತು ಹಾಕುವುದು. ಎಡಗಾಲಿಗೆ ಹಾಕಿದರೆ ಅಪ್ಪನ ಸಾಲು, ಬಲಗಾಲಿಗೆ ಹಾಕಿದರೆ ಬೆರಕೆ. ವೆಸ್ಲಿ ತೂತು ಹಾಕುತ್ತಿದ್ದ, ಕೊರಿನ್ ಮರಿಗಳನ್ನು ಒಂದೊಂದಾಗಿ ಕೊಡುತ್ತಿದ್ದಳು.

ಕೊನೆಗೆ ಆರು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅವಳ ಕೈಗೆ ಕೊಟ್ಟ.

"ಅಪ್ಪನ ಸಾಲಿನವು. ಇದುವರೆಗೂ ಹೊರಗಿನವರಿಗೆ ಕೊಟ್ಟಿಲ್ಲ." ಅವನ ಕಿವಿ ಕೆಂಪಾಗಿತ್ತು. "ನೀನು... ಹೊರಗಿನವಳಲ್ಲ."

ಅಷ್ಟೇ. ಆದರೆ ಆ ಅರ್ಧ ಮಾತನ್ನು ಕೊರಿನ್ ಬೇಸಿಗೆಯಿಡೀ ಎದೆಯಲ್ಲಿಟ್ಟುಕೊಂಡು ಓಡಾಡಿದಳು.

ಅಕ್ಟೋಬರ್ ಬಂತು. ಮರಿಗಳು ನೀಲಿಬೂದು ಗರಿಯ ಚೆಲುವೆಯರಾಗಿದ್ದವು. ಪ್ರದರ್ಶನಕ್ಕೆ ಮೂರು ದಿನವಿದ್ದಾಗ ಕೊರಿನ್ ಅವಕ್ಕೆ ಸ್ನಾನ ಮಾಡಿಸಿ, ಒಂದನ್ನು ತೊಡೆಯ ಮೇಲೆ, ತಲೆ ಆಚೆಗೆ, ಕಾಲು ತನ್ನ ಕಡೆಗೆ ಬರುವಂತೆ ಅಂಗಾತ ಮಲಗಿಸಿಕೊಂಡು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕಾಲು ತಿಕ್ಕತೊಡಗಿದಳು. ಕೆಸರು ಹೋಗಿ ತೂತು ಕಂಡಿತು.

ಬಲಗಡೆ!

ಎರಡನೆಯದನ್ನು ಮಲಗಿಸಿದಳು. ಬಲಗಡೆ. ಮೂರನೆಯದು... ಆರೂ ಹಾಗೆಯೇ. ಆರೂ ಬೆರಕೆ!

ಅವಳು ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. *ಹೊರಗಿನವಳಲ್ಲ ಅಂದ. ಮಾರಿಬಿಡೋ ಮರಿಗಳನ್ನ ಕೊಟ್ಟು ಕಳಿಸಿದ. ಹಾಗಾದ್ರೆ ಆ ಕೆಂಪು ಕಿವಿ? ಅದೂ ಸುಳ್ಳಾ? ಸುಳ್ಳು ಹೇಳೋನು ಹಾಗೆ ತಡವರಿಸ್ತಾನಾ? ಇಲ್ಲ, ತಡವರಿಸಿದ್ದೇ ಸುಳ್ಳು ಹೇಳೋದಕ್ಕಾ...*

ಅದೇ ಸಂಜೆ ವೆಸ್ಲಿ ಫೋನು ಮಾಡಿದ. ಎತ್ತಲಿಲ್ಲ. ಮರುದಿನ ಎರಡು ಸಲ ಮಾಡಿದ, ಎತ್ತಲಿಲ್ಲ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ಒಮ್ಮೆ ಮೋಸ ಹೋದವಳಿಗೆ ಎರಡನೇ ಸಲ ಕೇಳಿ ತಿಳಿಯುವ ಧೈರ್ಯ ಎಲ್ಲಿಂದ ಬರಬೇಕು?

ಪ್ರದರ್ಶನದ ದಿನ ಅವಳು ಆರನ್ನೂ ಸ್ಪರ್ಧೆಗೆ ಇಡಲಿಲ್ಲ. ಪಕ್ಕದ ಮಾರಾಟದ ಕೊಟ್ಟಿಗೆಗೆ ಕೊಂಡೊಯ್ದು ಪಂಜರಕ್ಕೆ ಬೆಲೆಯ ಚೀಟಿ ಅಂಟಿಸಿದಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮಧ್ಯಾಹ್ನ ಚರ್ಚಿನ ಹೆಂಗಸರ ಅಡುಗೆ ಮೇಜಿನ ಹತ್ತಿರ ಕುಳಿತು ಸೂಪನ್ನು ಚಮಚದಲ್ಲಿ ಕಲಕುತ್ತಿದ್ದಳು. ಪ್ರದರ್ಶನದ ಮೇಲ್ವಿಚಾರಕಿ, ಎಪ್ಪತ್ತು ದಾಟಿದ ಲೊರೆಟ್ಟಾ ಬಂದು ಎದುರಿಗೆ ಕೂತಳು.

"ನಿನ್ನ ಆರೂ ಒಬ್ಬನಿಗೇ ಹೋದ್ವು ಕಣೇ. ವೆಸ್ಲಿ ತಗೊಂಡ."

ಚಮಚ ನಿಂತಿತು. "ವೆಸ್ಲಿನಾ?"

"ಹೂಂ. ಮುಖ ನೋಡೋಕಾಗ್ತಿರ್ಲಿಲ್ಲ. ಅವರಪ್ಪನ ಮಣ್ಣಿನ ದಿನವೂ ಅವನನ್ನ ಹಂಗೆ ನೋಡಿರ್ಲಿಲ್ಲ ನಾನು. ಏನಾಯ್ತು ನಿಮ್ಮಿಬ್ಬರಿಗೆ?"

ಕೊರಿನ್‌ಗೆ ತಲೆ ಕೆಟ್ಟುಹೋಯಿತು. ಮಾರಲೆಂದೇ ಇಟ್ಟ ಬೆರಕೆಯನ್ನು ಅವನೇ ಏಕೆ ಕೊಳ್ಳುತ್ತಾನೆ? ಸೂಪನ್ನು ಅಲ್ಲೇ ಬಿಟ್ಟು ಓಡಿದಳು.

ವೆಸ್ಲಿ ಮಾರಾಟದ ಕೊಟ್ಟಿಗೆಯಲ್ಲಿ ಮಂಡಿಯೂರಿ ಹಕ್ಕಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳಬಹುದಿತ್ತು," ಎಂದ. "ಅಪ್ಪನ ಹಕ್ಕಿಗಳನ್ನ ಬೀದಿಗೆ ಇಡೋದು ಬೇಕಿರ್ಲಿಲ್ಲ."

"ಅಪ್ಪನ ಹಕ್ಕಿಗಳಾ? ಇವು ಬೆರಕೆ."

"ಯಾರು ಹೇಳಿದ್ದು?"

"ನೀನೇ ಹಾಕಿದ ತೂತು ಹೇಳ್ತು." ಕೊರಿನ್ ಒಂದನ್ನು ಎತ್ತಿ ತೋಳಿನ ಮೇಲೆ ಅದೇ ರೀತಿ ಅಂಗಾತ ಮಲಗಿಸಿ ಕಾಲು ತೋರಿಸಿದಳು. ಧ್ವನಿ ಒಡೆಯಿತು. "ನೋಡು, ಬಲಗಡೆ. ಹೊರಗಿನವಳಲ್ಲ ಅಂತ ಹೇಳಿ ಯಾಕೆ ಹಿಂಗೆ ಮಾಡ್ದೆ?"

ವೆಸ್ಲಿ ಆ ಕಾಲನ್ನು ನೋಡಿದ. ಅವಳ ಮುಖ ನೋಡಿದ. ಆಮೇಲೆ ಹೇಂಟೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಬೆನ್ನು ಮೇಲೆ ಮಾಡಿ, ನಿಲ್ಲುವ ಹಾಗೆ ಪಂಜರದ ಮೇಲಿಟ್ಟ. ಅದರ ತಲೆ ಆಚೆಗಿತ್ತು, ಬಾಲ ಅವಳ ಕಡೆಗಿತ್ತು.

"ಈಗ ಯಾವ ಕಾಲು?"

ಕೊರಿನ್ ಬಗ್ಗಿದಳು. ತೂತು ಎಡಗಾಲಿನಲ್ಲಿತ್ತು.

ಕೊಟ್ಟಿಗೆಯ ಗಲಾಟೆಯೆಲ್ಲ ಎಲ್ಲೋ ದೂರ ಹೋಯಿತು. ಕಾಲು ನಮ್ಮ ಕಡೆಗೆ ಬರುವಂತೆ ಅಂಗಾತ ಮಲಗಿಸಿದ ಹಕ್ಕಿಯ ಎಡಗಾಲು ನೋಡುವವರ ಬಲಕ್ಕೆ ಬರುತ್ತದೆ. ಹಕ್ಕಿಯ ಎಡಬಲ ಲೆಕ್ಕಕ್ಕೆ, ನಮ್ಮದಲ್ಲ. ಇದು ನಮ್ಮವರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ. ಅವಳು ಹೊಸಬಳೆಂಬುದನ್ನೇ ವೆಸ್ಲಿ ಮರೆತುಬಿಟ್ಟಿದ್ದ.

"ಅಯ್ಯೋ... ನಾನು ಏನು ಮಾಡಿಬಿಟ್ಟೆ!" ಅವಳು ಮುಖ ಮುಚ್ಚಿಕೊಂಡಳು. "ಫೋನೂ ಎತ್ತಲಿಲ್ಲ. ಒಂದು ಮಾತು ಕೇಳಲೂ ಇಲ್ಲ. ವೆಸ್ಲಿ, ಇವನ್ನ ನನಗೆ ವಾಪಸ್ ಕೊಡು. ನಿನ್ನ ದಮ್ಮಯ್ಯ."

"ಇಲ್ಲ."

ಅವನು ಎದ್ದು ನಿಂತು ಅಂಗಿಗೆ ಕೈ ಒರೆಸಿಕೊಂಡ.

"ಇವು ಇನ್ನು ನಮ್ಮನೆ ಬಿಟ್ಟು ಎಲ್ಲೂ ಹೋಗಲ್ಲ. ನಿನಗೆ ಬೇಕು ಅಂದ್ರೆ... ಅಲ್ಲೇ ಬಾ."

"ಅಂದ್ರೆ? ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋಗ್ಬೇಕಾ?"

"ಅಲ್ಲ."

"ಮತ್ತೆ?" ಅವಳಿಗೆ ಅಳುವಿನ ನಡುವೆಯೇ ಸಿಟ್ಟು ಬಂತು. "ನಿನ್ನ ಅರ್ಧ ಮಾತು ನಂಬ್ಕೊಂಡು ಆರು ತಿಂಗಳು ಒದ್ದಾಡಿದೀನಿ. ಈ ಸಲ ಬಿಡಿಸಿ ಹೇಳು. ನನಗೆ ಏನೂ ತಿಳಿತಿಲ್ಲ."

ವೆಸ್ಲಿ ಕೊಟ್ಟಿಗೆಯ ಸುತ್ತ ಒಮ್ಮೆ ನೋಡಿದ. ಪಕ್ಕದ ಸಾಲಿನಲ್ಲಿ ಬಾತುಕೋಳಿ ಕೊಳ್ಳಲು ಬಂದ ದಂಪತಿ ಕಿವಿ ನಿಮಿರಿಸಿ ನಿಂತಿದ್ದರು. ಬಾಗಿಲಲ್ಲಿ ಲೊರೆಟ್ಟಾ ಕೂಡ ಬಂದು ನಿಂತಿದ್ದಳು.

"ನೀನಂದ್ರೆ ನನಗೆ ಪ್ರೀತಿ ಕೊರಿನ್," ಎಂದ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಮೊದಲನೇ ದಿನ ನಿನ್ನ ಅಳಿಸಿದ್ನಲ್ಲ, ಅವತ್ತಿಂದ. ನನ್ನ ಮದುವೆ ಆಗ್ತೀಯಾ?"

ಕೊರಿನ್ ಹತ್ತಿರ ಹೋಗಿ ಹೊಟ್ಟು ಮೆತ್ತಿದ ಅವನ ಅಂಗಿಗೆ ಹಣೆ ಒತ್ತಿದಳು. ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

"ಆಗ್ತೀನಿ," ಎಂದಳು. "ಇನ್ನೊಂದ್ಸಲ ಹೇಳು."

"ಯಾಕೆ, ಅರ್ಥ ಆಗಲಿಲ್ವಾ?"

"ಆಯ್ತು. ಕೇಳೋಕೆ ಚೆನ್ನಾಗಿತ್ತು."

ಅವನು ಅವಳ ಕಿವಿಯ ಹತ್ತಿರ ಬಗ್ಗಿ, ಈ ಸಲ ಅವಳೊಬ್ಬಳಿಗೇ ಕೇಳುವ ಹಾಗೆ, ಇನ್ನೊಮ್ಮೆ ಹೇಳಿದ.