ಮುಚ್ಚಳದ ಕುಂಕುಮ

ಗಿಟಾರಿನ ಮೈ ಸುಕ್ಕುಗಟ್ಟಿತ್ತು.

ಕುರ್ಲಾದ ಆ ವರ್ಕ್‌ಶಾಪಿನ ಶಟರ್ ಎತ್ತಿ ಮೊದಲು ಅದನ್ನು ಕಂಡವನು ಧನರಾಜ್. ನಿನ್ನೆ ಸಂಜೆ ಸುಹಾಸ ಕೊನೆಯ ಹೊಳಪಿನ ಲ್ಯಾಕರ್ ಹೊಡೆದು ತೂಗುಹಾಕಿದ್ದ ಕಪ್ಪು ಎಲೆಕ್ಟ್ರಿಕ್ ಗಿಟಾರ್. ಅದರ ಮೇಲಿನ ಚಿನ್ನದ ಜ್ವಾಲೆಗಳೆಲ್ಲ ಹಾಲಿನ ಕೆನೆಯಂತೆ ಮುದುಡಿದ್ದವು. ಧನರಾಜನಿಗೆ ಮೊದಲು ಆದದ್ದು ಸಂತೋಷ. ಆಮೇಲೆ ಭಯ.

ಸುಹಾಸನಿಗಿಂತ ಎಷ್ಟೋ ವರ್ಷ ಮೊದಲೇ ಇಲ್ಲಿ ಬ್ರಷ್ ಹಿಡಿದವನು ಅವನು. ಧಣಿ ಚೆನ್ನಯ ಊರಿಗೆ ಹೋಗಿದ್ದಾಗ ಆಯುಧಪೂಜೆ ಮಾಡಿದ್ದೂ ಅವನೇ. ಆದರೂ ವಡಾಲದ ಶುಭಾ ಗಿಟಾರ್ ತಂದವಳು, "ಸುಹಾಸನೇ ಮಾಡಲಿ, ಬೇರೆ ಯಾರೂ ಬೇಡ" ಎಂದಿದ್ದಳು. ಚೆನ್ನಯ ನಕ್ಕು ಸುಮ್ಮನಾಗಿದ್ದ. ಧನರಾಜನಿಗೆ ಮಾತ್ರ ಅಂದಿನಿಂದ ಅನ್ನ ರುಚಿಸಿರಲಿಲ್ಲ.

ವರ್ಕ್‌ಶಾಪಿನ ಬೀಗದ ಕೈ ಇದ್ದದ್ದು ಚೆನ್ನಯ, ಧನರಾಜ್, ಸುಹಾಸ ಈ ಮೂವರ ಬಳಿ ಮಾತ್ರ.

"ಇವನೇ ಥಿನ್ನರ್ ಚೆಲ್ಲಿದ್ದು," ಎಂದ ಚೆನ್ನಯ, ಧನರಾಜನತ್ತ ಬೆರಳು ತೋರಿಸಿ. "ಇವನ ಹೊಟ್ಟೆಕಿಚ್ಚು ನನಗೆ ಗೊತ್ತುಂಟು. ಇನ್ನು ಬರುವುದು ಬೇಡ ಮಾರಾಯ."

ಎದುರಿಗೆ, ಗಿಟಾರ್ ಒಯ್ಯಲು ಬಂದ ಶುಭಾಳ ತಾಯಿ ರಮಾಮಣಿ ನಿಂತಿದ್ದರು — ಪೊಲೀಸ್ ಇಲಾಖೆಯಲ್ಲಿ ತನಿಖೆಯಲ್ಲೇ ಕೂದಲು ನರೆಸಿಕೊಂಡು ನಿವೃತ್ತರಾದವರು.

"ಹೊಟ್ಟೆಕಿಚ್ಚು ಇದೆಯೇನಪ್ಪಾ?" ಧನರಾಜನನ್ನು ಕೇಳಿದರು.

"ಉಂಟು ಮೇಡಂ. ಸುಳ್ಳು ಎಂತಕ್ಕೆ?"

"ಥಿನ್ನರ್ ಚೆಲ್ಲಿದ್ಯಾ?"

"ಇಲ್ಲ."

ರಮಾಮಣಿ ಗಿಟಾರಿನ ಮೇಲೆ ಬೆರಳಾಡಿಸಿದರು. "ಥಿನ್ನರ್ ಚೆಲ್ಲಿದ್ರೆ ಕಪ್ಪು ಬಣ್ಣವೂ ಕರಗಿ ಕೆಡಬೇಕಿತ್ತಲ್ವಾ? ಕಪ್ಪು ಗಾಜಿನ ಹಾಗಿದೆ. ಕೆಟ್ಟಿರೋದು ಚಿನ್ನದ್ದು ಮಾತ್ರ, ಅಂಚು ತಪ್ಪದ ಹಾಗೆ. ಸುಹಾಸ, ಯಾವ ಬಣ್ಣ ಇದು?"

"ಲ್ಯಾಕರ್ ಹೀ ಥಾ, ಆಂಟಿ, ಲ್ಯಾಕರೇ. ಮುಚ್ಚಳ ನೋಡಿಯೇ ತೆಗೆದೆ."

ಅಲ್ಲಿನ ರೂಢಿಯೇ ಅದು. ಡಬ್ಬಿಗಳ ಮೈ ಬಣ್ಣ ಸೋರಿ ಏನೂ ಕಾಣುವುದಿಲ್ಲ. ಹೆಸರು ಓದುವುದು ಮುಚ್ಚಳದಲ್ಲೇ. ಧನರಾಜ್ ಆ ಚಿನ್ನದ ಬಣ್ಣದ ಡಬ್ಬಿ ತೆರೆದು ಮೂಸಿದ.

"ಇದು ಲ್ಯಾಕರ್ ಅಲ್ಲ, ನಿಧಾನಕ್ಕೆ ಒಣಗುವ ಎನಾಮೆಲ್ ಮೇಡಂ. ಲ್ಯಾಕರಿನ ಮೇಲೆ ಲ್ಯಾಕರ್ ಸರಿ. ನಡುವೆ ಎನಾಮೆಲ್ ಬಂದರೆ ಕೆಲಸ ಕೆಟ್ಟಿತು. ಅದು ಮುಟ್ಟಿದರೆ ಒಣಗಿದ ಹಾಗೆ, ಒಳಗೆ ಹಸಿ. ಮೇಲಿನ ಲ್ಯಾಕರ್ ಅದನ್ನು ತಿಂದು ಎಬ್ಬಿಸಿಬಿಡ್ತದೆ."

"ಹಾಗಾದ್ರೆ ಯಾರೋ ಮುಚ್ಚಳ ಬದಲಾಯಿಸಿದ್ದಾರೆ. ಯಾರು?"

ರಮಾಮಣಿ ಕಪಾಟಿನ ಮುಂದೆ ನಿಂತರು. ಅಲ್ಲಿನ ಹೆಚ್ಚಿನ ಡಬ್ಬಿಗಳಿಗೆ ಕುಂಕುಮದ ಒಂದು ಗೆರೆ — ಮುಚ್ಚಳದಿಂದ ಶುರುವಾಗಿ ಡಬ್ಬಿಯ ಮೈಮೇಲೆ ಇಳಿದಿತ್ತು.

"ಹೀಗೆ ಎಳೆದದ್ದು ಯಾರು?"

"ನಾನು," ಎಂದ ಧನರಾಜ್. "ಪೂಜೆಯ ದಿನ. ಸುಹಾಸ ಹರಿವಾಣ ಹಿಡಿದಿದ್ದ."

"ಎನಾಮೆಲಿನ ಈ ಡಬ್ಬಿ ನೋಡಿ. ಮುಚ್ಚಳಕ್ಕೆ ಗೆರೆ ಇದೆ, ಮೈಗಿಲ್ಲ. ಪೂಜೆ ಆದ ಮೇಲೆ ಕೊಂಡ ಡಬ್ಬಿ ಇದು. ಎಳೆದವನಿಗೂ ಹರಿವಾಣ ಹಿಡಿದವನಿಗೂ ಗೆರೆ ಕೆಳಗಿಳಿಯೋದು ಗೊತ್ತು. ಅವರಾಗಿದ್ರೆ ಇದರ ಮೈಗೂ ಒಂದು ಗೆರೆ ಎಳೀತಿದ್ರು. ಮುಚ್ಚಳದ ಬೊಟ್ಟು ಅಷ್ಟೇ ಅಂದುಕೊಂಡವರು, ಅವತ್ತು ಇಲ್ಲಿ ಇಲ್ಲದವರು. ಅಲ್ವಾ ಚೆನ್ನಯ ಅವರೇ?"

ಚೆನ್ನಯ ಸ್ಟೂಲಿನ ಮೇಲೆ ಕೂತ. ಸುಹಾಸನತ್ತ ಕೈ ತೋರಿಸಿದ.

"ಆ ಜ್ವಾಲೆ ಬರೆಯಲಿಕ್ಕೆ ಅವನಿಗೆ ಕಲಿಸಿದ್ದು ನಾನು. ನನ್ನ ಅಂಗಡಿಗೇ ಬಂದು, ನಿಮ್ಮ ಮಗಳಿಗೆ ನಾನು ಬೇಡ, ಅವನೇ ಬೇಕಂತೆ. ಬಣ್ಣ ತುಂಬುವ ಮೊದಲು ಅವನ ಪೆನ್ಸಿಲಿನ ಗೆರೆ ನೋಡಿದೆ. ನನಗಿಂತ ಚೆಂದ ಬರೆದಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಬಂದು ಮುಚ್ಚಳ ಬದಲಾಯಿಸಿದೆ."

ಸುಹಾಸ ಮುಖ ಮುಚ್ಚಿಕೊಂಡ. ಧನರಾಜನ ತಲೆಯ ಮೇಲಿನ ಆರೋಪ ಇಳಿದಿತ್ತು; ಆದರೆ ಎದೆ ಹಗುರಾಗಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟ:

"ಧಣೀ, ನನ್ನ ಕೆಲಸ ನೋಡಿ ನಿಮಗೆ ಯಾವತ್ತಾದರೂ ಹೀಗೆ ಆಗಿತ್ತಾ?"

ಚೆನ್ನಯ ತಲೆಯೆತ್ತಿದ. ಪ್ರಶ್ನೆ ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ.

"ನಿನ್ನದು ನೋಡಿಯಾ? ನಿನ್ನದು ನೋಡಿ ಎಂತಕ್ಕೆ ಆಗಬೇಕು ಮಾರಾಯ?"